ಫೋರ್ಕ್‌ಲಿಫ್ಟಿನ ಚಕ್ರಕ್ಕೆ ನಿಂಬೆಹಣ್ಣು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ, ಎಂಟನೇ ಕ್ಲಾಸಿಗೆ. ಅಂದಿನಿಂದ ಕೂತು ಉಂಡವನಲ್ಲ. ಮೊದಲು ನ್ಯಾಮತಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತೆ. ಈಗ ಹೊನ್ನಾಳಿ ರಸ್ತೆಯ ದೊಡ್ಡ ಬೀಜದ ಕಂಪನಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಹತ್ತಾಳು ಹೊರುವ ಮೂಟೆಗಳನ್ನು ಒಂದೇ ಸಲ ಎತ್ತುವ ಹಳದಿ ಗಾಡಿ ಅದು. ದೊಡ್ಡ ಕಂಪನಿಯ ಸುಖ ಸುಖವೇ. ಸಂಬಳಕ್ಕೆ ಸಾಹುಕಾರರ ಮುಖ ನೋಡುತ್ತಾ ನಿಲ್ಲಬೇಕಿಲ್ಲ. ಕೊರಳಲ್ಲಿ ಕಾರ್ಡು ತೂಗುತ್ತಿದ್ದರೆ ಬಸ್ಸಿನ ಕಂಡಕ್ಟರ್ ಕೂಡ ‘ಸರ್’ ಅನ್ನುತ್ತಾನೆ. ಕಷ್ಟವೆಂದರೆ, ಅಲ್ಲಿ ಯಾರನ್ನು ಏನು ಕೇಳಿದರೂ ಅವರ ಮೇಲೆ ಇನ್ನೊಬ್ಬರಿರುತ್ತಾರೆ.

ಆಯುಧಪೂಜೆ ಬಂತು. ಗಿರಣಿಯಲ್ಲಾಗಿದ್ದರೆ ಸಾಹುಕಾರರೇ ಮುಂದೆ ನಿಂತು ಕುಂಬಳಕಾಯಿ ಒಡೆಸಿ ಮಂಡಕ್ಕಿ ಹಂಚುತ್ತಿದ್ದರು. ಇಲ್ಲಿ ನಾನು ಕರ್ಪೂರ, ನಿಂಬೆಹಣ್ಣು ಹಿಡಿದು ಹೋದರೆ ಸೇಫ್ಟಿ ಆಫೀಸರ್, ಜಗಳೂರಿನ ಕಿರಣ್ ಸರ್, ಗೇಟಿನಲ್ಲೇ ತಡೆದರು.

“ಏನ್ ರುದ್ರಣ್ಣ ಇದು? ಗೋಡೌನಿನಾಗೆ ಬೆಂಕಿನಾ? ಹೆಡ್ಡಾಫೀಸಿನ ಪರ್ಮಿಷನ್ ಬೇಕು.”

“ಪೂಜೆ ಆಗ್ದೆ ನಾನು ಕೀಲಿ ತಿರುವಲ್ಲ ಸರ್.”

“ಈ ವಾರ ನಿಮ್ಮ ಕೆಲ್ಸ ಖಾಯಂ ಮಾಡಾಕೆ ಮಾತು ನಡ್ದೈತೆ. ಕೆಡಿಸ್ಕೋಬ್ಯಾಡ್ರಿ.”

“ಕೆಟ್ರೆ ಕೆಡ್ಲಿ ಬಿಡ್ರಿ. ಹೆಗಲು ಇನ್ನೂ ಗಟ್ಟಿ ಐತೆ.”

ಹಾಗಂದೆನೇ ಹೊರತು ಖಾಯಂ ಆಗುವ ಆಸೆ ನನಗೂ ಇತ್ತು. ಆದರೂ ಕೀಲಿ ಮುಟ್ಟಲಿಲ್ಲ. ಕೆಲಸಕ್ಕೆ ಕಳ್ಳಬಿದ್ದ ಎಂದು ಯಾರೂ ಅನ್ನಬಾರದಲ್ಲ. ಮೂಟೆಗಳನ್ನು ಬೆನ್ನ ಮೇಲೆಯೇ ಹೊತ್ತು ಲಾರಿ ತುಂಬಿಸಿದೆ. ನೋಡಲಾರದೆ ಕಿರಣ್ ಸರ್ ಹೆಡ್ಡಾಫೀಸಿಗೆ ಮೇಲ್ ಹಾಕಿದರು.

ಹಬ್ಬ ಕಳೆದ ಮೇಲೆ ಉತ್ತರ ಬಂತು. ನಿಂಬೆಹಣ್ಣಿಗೆ ಅಡ್ಡಿಯಿಲ್ಲ, ಕುಂಬಳಕಾಯಿ ಗೇಟಿನ ಹೊರಗೆ, ಕರ್ಪೂರದ ಪಕ್ಕ ಮರಳಿನ ಬಕೆಟ್, ಎಲ್ಲರಿಗೂ ಹೆಲ್ಮೆಟ್. ಪೂಜೆಗೆ ಜವಾಬ್ದಾರನೊಬ್ಬ ಇರಬೇಕು, ಅವನು ಖಾಯಂ ನೌಕರನೇ ಆಗಿರಬೇಕು. ಜವಾಬ್ದಾರಿ ಹೊರಲು ನನ್ನ ಬಿಟ್ಟರೆ ಯಾರೂ ಮುಂದೆ ಬರಲಿಲ್ಲ. ಮಧ್ಯಾಹ್ನದೊಳಗೆ ಖಾಯಂ ಆದೆ! ಅಷ್ಟು ವರ್ಷದ ಬೆವರಿಗೆ ಆಗದ ಕೆಲಸ ನಿಂಬೆಹಣ್ಣಿಗೆ ಆಯಿತು. ಪೂಜಾರಪ್ಪ ಹೆಲ್ಮೆಟ್ ಹಾಕಿಕೊಂಡು, “ಪೂಜೆಗೆ ಬಂದೀನೋ, ಬೋರ್ ಕೊರೆಯಾಕೆ ಬಂದೀನೋ?” ಎಂದು ಗೊಣಗುತ್ತಲೇ ಮಂತ್ರ ಹೇಳಿ ಮುಗಿಸಿದರು.

ಗೋಡೌನಿನಲ್ಲಿ ಪೂಜೆಯಾಗುವ ತನಕ ಮನೆಯ ಸ್ಕೂಟರಿಗೂ ಬೇಡವೆಂದು ಹಠ ಹಿಡಿದಿದ್ದೆ. ಅಂದು ಸಂಜೆ ನನ್ನ ಹೆಂಡತಿ ಗಂಗಮ್ಮ ಸ್ಕೂಟರಿಗೆ ಹೂ ಏರಿಸಿ, ತಟ್ಟೆಯಲ್ಲಿ ಕರ್ಪೂರ ಇಟ್ಟು ಕಡ್ಡಿ ಗೀರಿದಳು.

“ಏ, ನಿಲ್ಲು! ಮರಳಿನ ಬಕೆಟ್ ಎಲ್ಲೈತೆ?” ನನ್ನ ಬಾಯಿಂದ ಬಂದೇಬಿಟ್ಟಿತು.

ಅವಳು ಕಡ್ಡಿ ಊದಿ ಆರಿಸಿದಳು. “ನಿಮ್ಮ ಹೆಡ್ಡಾಫೀಸಿಗೆ ಕೇಳ್ರಿ. ಅವರು ಹೂಂ ಅಂದ ಮ್ಯಾಲೆ ನೀವೇ ಮಾಡ್ಕಳ್ರಿ,” ಎಂದು ತಟ್ಟೆಯೊಂದಿಗೆ ಒಳಗೆ ಹೋದಳು.

ಈಗ ನನ್ನ ಬಳಿ ಇರುವುದು ಖಾಯಂ ಕೆಲಸ ಒಂದು, ಯೂನಿಫಾರಂ ಎರಡು ಜೊತೆ, ಹೆಲ್ಮೆಟ್ ಒಂದು, ಪೂಜೆಯಾಗದ ಸ್ಕೂಟರ್ ಒಂದು.