ಹೆಬ್ಬೆಟ್ಟು, ಬಂಡೆ ಮತ್ತು ಪಾಸ್‌ವರ್ಡು

ಕಚೇರಿಗಳಿಗೆ ಅರ್ಜಿ ಬರೆಯುವುದೇ ಹೊಟ್ಟೆಪಾಡಾದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿ ಬಂದು ಎದುರಿನ ಕುರ್ಚಿಯಲ್ಲಿ ಕೂರುತ್ತವೆ. ಮೊದಲು ಬರುವುದು ಸಿಟ್ಟು. ನಗು ಬರುವುದು ಮನೆ ಸೇರಿ ಅಂಗಿ ಬಿಚ್ಚಿದ ಮೇಲೆ. ಕೆಲವು ಸಲ ಅದೂ ಬರುವುದಿಲ್ಲ.

ನಾನು ಪುಣೆಯ ಧನಕವಡಿಯಲ್ಲಿ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಮೊಬೈಲ್ ಕಂಪನಿಗಳು ತಿರುಗಿ ನೋಡದ ಊರುಗಳಲ್ಲಿ ಊರಿನವರೇ ಸೇರಿ ಇಂಟರ್‌ನೆಟ್ ತಂದುಕೊಳ್ಳಲು ನೆರವಾಗುವುದು ನಮ್ಮ ಕೆಲಸ. ಕಂಬ ಹತ್ತಿ ಆಂಟೆನಾ ಕಟ್ಟುವವರು ನಮ್ಮ ಮಿಸ್ತ್ರಿ. ಯಾದಗಿರಿ ಕಡೆಯವರು, ಬೆಳೆದದ್ದು ಯೆರವಡಾದಲ್ಲಿ, ಮಾತಿಗೆ ಬರವಿಲ್ಲ. ಕಾಗದ ಬರೆಯುವವನು ನಾನು, ವಿಜಯಪುರದವನು. ನನಗೆ ಮಾತು ಕಡಿಮೆ. ಮುಂದೆ ಬರುವ ಮಾತುಗಳಲ್ಲಿ ಹೆಚ್ಚಿನವು ನಡೆದದ್ದು ಮರಾಠಿಯಲ್ಲಿ. ಆದರೆ ಇಷ್ಟು ವರ್ಷ ಕೇಳಿದ ಮೇಲೆ ನನ್ನ ಕಿವಿಗೆ ಅವು ನಮ್ಮ ಕಡೆಯ ಕನ್ನಡವಾಗಿಯೇ ಬೀಳುತ್ತವೆ. ಹಾಗೆಯೇ ಬರೆದಿದ್ದೇನೆ. ಎಲ್ಲವೂ ಒಂದೇ ಊರಿನ ಕಥೆ.

ಬಿಚ್ಚಲು ಬಾರದ್ದು

ಕಾತ್ರಜ ಘಾಟು ದಾಟಿ, ಸಾತಾರಾ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಗುಡ್ಡದ ಹಿಂದೆ ಒಂದು ಸಣ್ಣ ಊರಿದೆ. ಎಲ್ಲರೂ ಅದನ್ನು ವಾಡಿ ಎನ್ನುತ್ತಾರೆ. ಹೆದ್ದಾರಿಯ ಧಾಬಾದಲ್ಲಿ ಕೂತವರು ಮೊಬೈಲಿನಲ್ಲಿ ಸಿನಿಮಾ ನೋಡುತ್ತಾ ಊಟ ಮಾಡುತ್ತಾರೆ. ವಾಡಿಯಲ್ಲಿ ಮೊಬೈಲು ಗಡಿಯಾರದ ಕೆಲಸಕ್ಕೆ ಮಾತ್ರ.

ವಾಡಿಯ ರೇಷನ್ ಅಂಗಡಿ ನಡೆಸುವುದು ಹೆಂಗಸರ ಉಳಿತಾಯ ಗುಂಪು. ಗುಂಪಿನ ಮುಖ್ಯಸ್ಥೆಯನ್ನು ಊರೆಲ್ಲ ಅಕ್ಕ ಎನ್ನುತ್ತದೆ. ಅಂಗಡಿ ಇರುವುದು ಅವರ ಮನೆಯ ಮುಂದಿನ ಕೋಣೆಯಲ್ಲೇ. ಅಕ್ಕಿ, ಗೋಧಿ ಅಳೆಯುವ ಮೊದಲು ಕಾರ್ಡಿನವರು ಒಂದು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಯಂತ್ರ ಅದನ್ನು ಇಂಟರ್‌ನೆಟ್ಟಿನಲ್ಲಿ ತಾಳೆ ನೋಡಿ ಹೂಂ ಅನ್ನಬೇಕು. ವಾಡಿಯಲ್ಲಿ ಯಂತ್ರ ಹೂಂ ಅನ್ನುವುದಿಲ್ಲ. ಹಾಗಾಗಿ ರೇಷನ್ ದಿನ ಅಕ್ಕ ಯಂತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಗುಡ್ಡದ ಮೇಲಿನ ಒಂದು ಬಂಡೆಗೆ ಹತ್ತುತ್ತಿದ್ದರು, ಹಿಂದೆ ಊರೇ ಹತ್ತುತ್ತಿತ್ತು. ಬಂಡೆಯ ಮೇಲೆ ನಿಂತು ಹೆಬ್ಬೆಟ್ಟು ಒತ್ತಿ, ಕೆಳಗಿಳಿದು, ಅಕ್ಕಿ ತೆಗೆದುಕೊಳ್ಳಬೇಕು. ಹತ್ತಲಾರದವರಿಗೆ ಆ ತಿಂಗಳು ಅಕ್ಕಿ ಇಲ್ಲ.

ನಾನು ಮೊದಲ ಸಲ ಹೋದ ದಿನ, ಊರಿಗೆಲ್ಲ ಹಿರಿಯರಾದ ಒಬ್ಬ ಆಜಿ ಅರ್ಧ ದಾರಿಯಲ್ಲಿ ಕಲ್ಲಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಮಗ, ಸೊಸೆಯ ಕಾರ್ಡು ಬೇರೆ. ಅವರ ಕಾರ್ಡಿನಲ್ಲಿ ಅವರ ಹೆಸರೊಂದೇ. ಅದು ತಿಳಿಯದೆ ಕೇಳಿದೆ.

"ಈ ವಯಸ್ಸಿನಾಗ ನೀವ್ಯಾಕ ಹತ್ತೀರಿ ಆಜಿ? ಸೊಸಿ ಕೈಲೆ ಕಳಸಬಾರದೇನ್ರಿ?"

"ಉಂಗುರ ಆಗಿದ್ರ ಕಳಸ್ತಿದ್ನೆಪ್ಪ," ಅಂದರು ಆಜಿ. "ಹೆಬ್ಬೆಟ್ಟದು. ಬಿಚ್ಚಲಿಕ್ಕೆ ಬರೂದಿಲ್ಲ."

ಬೇಡ ಎಂಬುದಕ್ಕೊಂದು ಕಾಗದ

ಗಾಳಿಯಲ್ಲಿ ಹೋಗುವ ಅಲೆಗಳಿಗೂ ಜಮೀನಿನಂತೆ ಪಟ್ಟಿಗಳಿವೆ. ತರಂಗಾಂತರ ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದೇ. ಒಳ್ಳೊಳ್ಳೆಯ ಪಟ್ಟಿಗಳನ್ನು ಸರ್ಕಾರ ಹರಾಜು ಹಾಕಿ ದೊಡ್ಡ ಕಂಪನಿಗಳಿಗೆ ಕೊಟ್ಟಿದೆ. ಉಳಿದ ಒಂದಿಷ್ಟನ್ನು, ಊರ ದನ ಮೇಯುವ ಗಾಯರಾಣದಂತೆ, ಎಲ್ಲರಿಗೂ ಬಿಟ್ಟಿದೆ. ಮನೆಯ ವೈ-ಫೈ ಮೇಯುವುದು ಅಲ್ಲಿಯೇ. ಅದಕ್ಕೆ ಲೈಸೆನ್ಸ್ ಬೇಡ. ವಾಡಿಗೆ ಇಂಟರ್‌ನೆಟ್ ಎಳೆಯಲು ನಾವು ಹೊರಟದ್ದೂ ಅದರಲ್ಲೇ.

ಆದರೆ ಪಂಚಾಯಿತಿಯವರಿಗೆ ಧೈರ್ಯ ಸಾಲಲಿಲ್ಲ. ಲೈಸೆನ್ಸ್ ಬೇಡ ಅಂತ ಒಂದು ಕಾಗದ ತಂದುಕೊಡಿ ಅಂದರು. ನಾನು ಪುಣೆಯ ಒಂದು ಕಚೇರಿಗೆ ಹೋದೆ. ಅಲ್ಲಿಯ ಸಾಹೇಬರು ಕನ್ನಡಕ ಒರೆಸಿಕೊಂಡು ಅರ್ಜಿ ಓದಿದರು.

"ಯಾವ ಲೈಸೆನ್ಸ್ ಬೇಕು?"

"ಯಾವುದೂ ಬೇಡ. ಬೇಡ ಅಂತ ಬರಕೊಡ್ರಿ ಸಾಕು."

"ನಾವು ಲೈಸೆನ್ಸ್ ಕೊಡವರು. ಬೇಕಾದ್ದಕ್ಕ ನಮ್ಮಲ್ಲಿ ಅರ್ಜಿ ನಮೂನೆ ಅದ. ಬೇಡಾದ್ದಕ್ಕ ಇಲ್ಲ."

"ಹಂಗಾದ್ರ ಹಂಗ ಶುರು ಮಾಡ್ಲೇನು?"

"ಕಾಗದ ಇಲ್ಲದ ಹೆಂಗ ಶುರು ಮಾಡ್ತೀರಿ?"

ನಾನು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡೆ. ಆ ಕೋಣೆಯಲ್ಲಿ ಕಾನೂನು ನನ್ನ ಕಡೆ ಇತ್ತು, ಫ್ಯಾನು ಅವರ ಕಡೆ ಇತ್ತು. ಕೊನೆಗೆ ಸಾಹೇಬರಿಗೇ ನನ್ನನ್ನು ನೋಡಿ ಅಯ್ಯೋ ಅನ್ನಿಸಿರಬೇಕು.

"ನೀವು ಲೈಸೆನ್ಸ್ ತಗೊಂಡಿದ್ರ ತಪ್ಪು ಮಾಡಿದಾಗ ರದ್ದಾದರೂ ಮಾಡಬಹುದಿತ್ತು," ಅಂದರು. "ಏನೂ ತಗೊಳ್ಳದವರನ್ನ ನಾವು ಏನು ಮಾಡೂದು, ನೀವ ಹೇಳ್ರಿ."

ಬಾಡಿಗೆಗೆ ಬಂದವರು

ಸಾಹೇಬರ ಈ ಮಾತನ್ನೇ ಹೇಳಿ ಪಂಚಾಯಿತಿಯವರನ್ನು ಒಪ್ಪಿಸಿ, ಕಾಗದವಿಲ್ಲದೆಯೇ ಶುರು ಮಾಡಿದೆವು. ಕಾತ್ರಜದ ಒಂದು ಹೌಸಿಂಗ್ ಸೊಸೈಟಿಯ ತಾರಸಿಯಿಂದ ಆ ಬಂಡೆಯಿರುವ ಗುಡ್ಡ ನೇರ ಕಾಣುತ್ತದೆ. ತಾರಸಿಯ ಮೇಲೆ ಪುಣೆಯ ಕೇಬಲ್ ಇಂಟರ್‌ನೆಟ್ ಸಿಕ್ಕಿಸಿದ ಒಂದು ಆಂಟೆನಾ, ಗುಡ್ಡದ ಮೇಲೆ ಅದಕ್ಕೆ ಮುಖಮಾಡಿ ಇನ್ನೊಂದು, ಅಲ್ಲಿಂದ ಕೆಳಗೆ ರೇಷನ್ ಅಂಗಡಿಯ ಮಾಡಿಗೆ. ಕಿಟಕಿಯಿಂದ ಕಿಟಕಿಗೆ ಮಾತಾಡಿದ ಹಾಗೆ.

ಸೊಸೈಟಿಯ ಅಧ್ಯಕ್ಷರು ನಿವೃತ್ತರು, ನಿಯಮದವರು. ಆಂಟೆನಾವನ್ನು ತಾರಸಿಯಲ್ಲಿ ಕಾಯಮ್ಮಾಗಿ ಇಡುವುದಾದರೆ ಅದು ಬಾಡಿಗೆದಾರ. ಬಾಡಿಗೆದಾರನೆಂದರೆ ಪೊಲೀಸ್ ಠಾಣೆಯ ಪರಿಶೀಲನೆ ಆಗಬೇಕು ಅಂದರು. ಊರಲ್ಲಿ ಆಜಿ ಮೊಣಕಾಲು ನೀವಿಕೊಳ್ಳುವುದು ನನ್ನ ಕಣ್ಣ ಮುಂದೆ ಇತ್ತು. ಗಂಟಲಿಗೆ ಬಂದ ಮಾತನ್ನು ನುಂಗಿದೆ. ಮಿಸ್ತ್ರಿ ನುಂಗುವವರಲ್ಲ.

"ಆಧಾರ್ ಕಾರ್ಡ್ ಇಲ್ರಿ ಸಾಹೇಬ್ರ, ಅದರ ಬೆನ್ನ ಮ್ಯಾಲ ನಂಬರ್ ಅದ, ನಡೀತದೇನು?"

ಅಧ್ಯಕ್ಷರು ನಗಲಿಲ್ಲ. "ನಮ್ಮ ಸೊಸೈಟ್ಯಾಗ ಒಂಟಿ ಇರವರಿಗೆ ಬಾಡಿಗೆಗೆ ಕೊಡೂದಿಲ್ಲ. ಕುಟುಂಬಕ್ಕ ಮಾತ್ರ," ಅಂದರು. ಅದು ಅವರ ಬಾಯಿಗೆ ರೂಢಿಯಾದ ಮಾತು. ಎಲ್ಲ ಬಾಡಿಗೆದಾರರಿಗೂ ಹೇಳುವುದು, ಇದಕ್ಕೂ ಹೇಳಿಬಿಟ್ಟರು.

"ಒಂಟಿ ಅಲ್ರಿ," ಅಂದರು ಮಿಸ್ತ್ರಿ. "ಜೋಡಿ ಅದ. ಒಂದು ಇಲ್ಲಿ, ಇನ್ನೊಂದು ಗುಡ್ಡದ ಮ್ಯಾಲ. ಹಗಲೂ ರಾತ್ರಿ ಒಂದರ ಮುಖ ಒಂದು ನೋಡಕೋತ ಇರ್ತಾವ."

ಅಧ್ಯಕ್ಷರು ಗುಡ್ಡದ ಕಡೆ ಒಮ್ಮೆ ನೋಡಿದರು, ಆಂಟೆನಾದ ಕಡೆ ಒಮ್ಮೆ ನೋಡಿದರು.

"ಮತ್ತ ಇಬ್ಬರೂ ಒಂದ ಕಡೆ ಯಾಕ ಇರೂದಿಲ್ಲ?" ಅಂದರು. "ಜಗಳ ಏನಾರ ಇದ್ರ ಮೊದಲ ಹೇಳ್ರಿ. ನಮಗ ಆಮ್ಯಾಲ ತಾಪತ್ರಯ ಬೇಡ."

ಇಟ್ಟಿರುವ ಗಾಳಿ

ಇಂಟರ್‌ನೆಟ್ ಅಧ್ಯಕ್ಷರ ಒಪ್ಪಿಗೆ ಪಡೆದು ವಾಡಿಗೆ ಇಳಿಯಿತು, ಅಂಗಡಿಯ ಮಾಡಿನಿಂದ ವೈ-ಫೈ ಆಗಿ ಊರಿಗೆಲ್ಲ ಹರಡಿತು. ಅಕ್ಕ ಯಂತ್ರವನ್ನು ಆಜಿಯ ಮನೆಯ ಕಟ್ಟೆಗೇ ಒಯ್ದು ಹೆಬ್ಬೆಟ್ಟು ಒತ್ತಿಸಿಕೊಂಡರು. ಯಂತ್ರ ಹೂಂ ಅಂದಿತು. ಆಜಿಯೂ ಹೂಂ ಅಂದರು.

ಮಳೆಗಾಲದಲ್ಲಿ ಗುಡ್ಡದ ಮೇಲೆ ಪೊದೆಗಳು ಎದ್ದು ನಿಂತವು. ನಮ್ಮ ಗಾಯರಾಣದ ಅಲೆ ಒದ್ದೆ ಎಲೆ ಅಡ್ಡ ಬಂದರೂ ನಿಂತುಬಿಡುತ್ತದೆ. ಮಿಸ್ತ್ರಿ ಆಗಾಗ ಕುಡಗೋಲು ಹಿಡಿದು ಹೋಗಿ ಪೊದೆ ಕಡಿದು ಬರುತ್ತಿದ್ದರು. ಗಿಡ, ಎಲೆಗಳಿಗೆ ಅಷ್ಟಾಗಿ ಜಗ್ಗದ ಅಲೆಗಳೂ ಇವೆ. ವಾಡಿಯ ಮೇಲೆ ಅವು ಖಾಲಿ ಬಿದ್ದಿವೆ. ಆದರೆ ಮಾರಾಟವಾಗಿವೆ. ಕೊಂಡವರು ಅಲ್ಲಿ ಬಳಸುವುದಿಲ್ಲ, ಬೇರೆಯವರು ಬಳಸಿದರೆ ಅಪರಾಧ. ಭೂಮಿ ಕೊಂಡವನು ಅದನ್ನು ಬೀಳು ಬಿಟ್ಟರೆ ಊರವರು ಬೈಯುತ್ತಾರೆ. ಗಾಳಿ ಕೊಂಡವನು ಬೀಳು ಬಿಟ್ಟರೆ ಯಾರೂ ಕೇಳುವುದಿಲ್ಲ, ಏಕೆಂದರೆ ಬೀಳು ಬಿದ್ದದ್ದು ಕಾಣುವುದಿಲ್ಲ.

ಹಳ್ಳಿಗಳ ಇಂಟರ್‌ನೆಟ್ ಕುರಿತು ಪುಣೆಯ ಒಂದು ಹೋಟೆಲಿನಲ್ಲಿ ಸಭೆ ಇತ್ತು. ಹಳ್ಳಿಯವರು ಯಾರೂ ಇರಲಿಲ್ಲ. ಒಂದು ಕಂಪನಿಯ ಮ್ಯಾನೇಜರ್ ಗೋಡೆಯ ಮೇಲೆ ನಕಾಶೆ ತೋರಿಸಿದರು. ಸಿಗ್ನಲ್ ಇರುವ ಕಡೆಯೆಲ್ಲ ಹಸಿರು. ವಾಡಿಯೂ ಹಸಿರು. ಸಭೆಗಳಲ್ಲಿ ಎದ್ದು ಮಾತಾಡುವವನಲ್ಲದ ನಾನು ಅಂದು ಎದ್ದೆ.

"ಅಲ್ಲಿ ಸಿಗ್ನಲ್ ಇಲ್ರಿ."

"ಎಲ್ಲೂ ಇಲ್ಲೇನು?"

"ಗುಡ್ಡದ ಮ್ಯಾಲ ಒಂದು ಬಂಡೆ ಅದ. ಅದರ ಮ್ಯಾಲ ನಿಂತ್ರ ಬರ್ತದ."

"ಬಂಡೆ ಯಾವ ಊರಿಂದು?"

"ವಾಡಿದ."

"ಮತ್ತ? ವಾಡ್ಯಾಗ ಸಿಗ್ನಲ್ ಅದ ಅಂತಾತು," ಅಂದರು. ಮುಂದಿನ ಸಾಲಿನಲ್ಲಿ ಒಬ್ಬರು ತಲೆದೂಗಿದರು.

ನನ್ನ ಪಕ್ಕದಲ್ಲಿದ್ದ ಮಿಸ್ತ್ರಿ ಎದ್ದರು. "ಅಲ್ಲಿ ನಿಮ್ಮ ಅಲೆ ಖಾಲಿ ಅದಲ್ರಿ. ನೀವು ಬರೂವರೆಗೂ ನಮಗ ಕೊಡ್ರಿ."

"ಅದು ಖಾಲಿ ಇಲ್ಲ. ಮುಂದಿನ ಯೋಜನೆಗಂತ ಇಟ್ಟದ."

ಮಿಸ್ತ್ರಿ ಕೂತು ನನ್ನ ಕಿವಿಯಲ್ಲಿ ಹೇಳಿದರು: "ನಮ್ಮಾಕಿನೂ ಸೋಫಾದ್ದು ಪ್ಲಾಸ್ಟಿಕ್ ಕವರ್ ತಗದಿಲ್ರಿ ಸರ. ತಂದಾಗಿಂದ ಯಾರೂ ಕುಂತಿಲ್ಲ, ನೆಲಕ್ಕ ಕುಂದ್ರತೀವಿ. ಕೇಳಿದ್ರ ಆಕಿನೂ ಇದನ್ನ ಹೇಳ್ತಾಳ. ಖಾಲಿ ಇಲ್ಲ, ಇಟ್ಟದ."

ಸ್ಥಳ ತನಿಖೆ

ನಕಾಶೆಯ ಹಸಿರು ಅಳಿಸಲು ಒಂದೇ ದಾರಿ ಇತ್ತು. ಅಧಿಕಾರಿಯೊಬ್ಬರು ಸ್ಥಳಕ್ಕೆ ಬಂದು, ಇಲ್ಲಿ ಇಂಟರ್‌ನೆಟ್ ಇಲ್ಲ ಎಂದು ವರದಿ ಕೊಡಬೇಕು. ಕೊಟ್ಟರೆ ಅಕ್ಕನ ಗುಂಪು ಆ ಖಾಲಿ ಅಲೆಗೆ ಅರ್ಜಿ ಹಾಕಬಹುದು ಎಂದು ಒಂದು ಕಚೇರಿಯಲ್ಲಿ ಹೇಳಿದರು. ಬರೆದೆ. ಒಬ್ಬ ಸಾಹೇಬರು ಬಂದರು.

ಸಾಹೇಬರು ಬರುವ ಮೊದಲು ಅಕ್ಕ ಪ್ರಾಮಾಣಿಕವಾಗಿ ನಮ್ಮ ಆಂಟೆನಾದ ವೈರು ಕಿತ್ತಿಟ್ಟರು. ಕಂಪನಿಯದು ಎಷ್ಟಿದೆಯೋ ಅಷ್ಟನ್ನೇ ಅವರು ನೋಡಲಿ ಎಂದು. ಸಾಹೇಬರು ಮೊಬೈಲಿನಲ್ಲಿ ತನಿಖೆಯ ಆ್ಯಪ್ ತೆರೆದರು, 'ಇಲ್ಲ' ಎಂದು ತುಂಬಿದರು, ಒತ್ತಿದರು. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ವರದಿ ಹೋಗವಲ್ದು," ಅಂದರು.

"ಇಂಟರ್‌ನೆಟ್ ಇಲ್ಲಲ್ರಿ, ಅದಕ್ಕ," ಅಂದರು ಅಕ್ಕ.

"ಅದನ್ನ ಬರದೀನಿ. ಕಳಸಾಕ ಇಂಟರ್‌ನೆಟ್ ಬೇಕಲ್ಲ."

ಆಫೀಸಿಗೆ ಹೋಗಿ ಕಳಿಸಿ ಅಂದೆ. ಅಧಿಕಾರಿಗಳು ಆಫೀಸಿನಲ್ಲಿ ಕೂತು ವರದಿ ಕಳಿಸಬಾರದೆಂದೇ ಆ ಆ್ಯಪ್ ಮಾಡಿದ್ದಾರಂತೆ. ಊರಿನೊಳಗೆ ನಿಂತೇ ಕಳಿಸಬೇಕು. ಬಂಡೆಗೆ ಕರೆದುಕೊಂಡು ಹೋದೆವು. ಸಾಹೇಬರು ಬೂಟು ಬಿಚ್ಚಿ, ಬೆವರಿ, ಹತ್ತಿದರು. ಅಲ್ಲಿ ಸಿಗ್ನಲ್ ಬಂತು. ಆ್ಯಪ್, 'ನೀವು ತನಿಖೆಯ ಸ್ಥಳದಲ್ಲಿ ಇಲ್ಲ' ಎಂದಿತು. ಕಂಪನಿಯ ಲೆಕ್ಕಕ್ಕೆ ಬಂಡೆ ವಾಡಿಯದು, ಆ್ಯಪಿನ ಲೆಕ್ಕಕ್ಕೆ ಅಲ್ಲ.

ಇನ್ನೊಮ್ಮೆ ಬಂದರು. ಮತ್ತೆ ಅದೇ ಚಕ್ರ. ಅಕ್ಕನ ಕಟ್ಟೆಯ ಮೇಲೆ ಚಹಾ ಹಿಡಿದು ಕೂತ ಸಾಹೇಬರ ಮುಖ ಸಣ್ಣದಾಗಿತ್ತು. "ಈ ಸಲನೂ ಕಳಸಲಿಲ್ಲಂದ್ರ ನನಗ ಮೆಮೋ ಬರ್ತದ ನೋಡ್ರಿ." ಅಕ್ಕ ಎದ್ದರು. ಒಳಗೆ ಹೋಗಿ ವೈರು ಸಿಕ್ಕಿಸಿ, ಪಾಸ್‌ವರ್ಡ್ ಹೇಳಿದರು. ವರದಿ ರೆಪ್ಪೆ ಬಡಿಯುವುದರೊಳಗೆ ಹೋಯಿತು. ಸಾಹೇಬರು ಅಲ್ಲಿಂದಲೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿ ಗುಡ್ಡ ತೋರಿಸಿದರು, ಇನ್ನೊಂದು ಚಹಾ ಕುಡಿದರು, ಕೈಮುಗಿದು ಹೋದರು. ನಾವೆಲ್ಲ ಸಂತೋಷಪಟ್ಟೆವು.

ಆಮೇಲೆ ಆದೇಶ ಬಂತು. ಸದರಿ ವಾಡಿಯಲ್ಲಿ ಉತ್ತಮ ವೇಗದ ಇಂಟರ್‌ನೆಟ್ ಲಭ್ಯವಿರುವುದು ತನಿಖೆಯಿಂದ ದೃಢಪಟ್ಟಿದೆ, ಆದ್ದರಿಂದ ಗುಂಪಿನ ಉಪಕರಣಗಳ ಅಗತ್ಯವಿಲ್ಲ, ಅವುಗಳನ್ನು ತೆಗೆದುಹಾಕತಕ್ಕದ್ದು.

ಸಾಹೇಬರಿಗೆ ಫೋನ್ ಮಾಡಿದೆ. "ನಾ 'ಇಲ್ಲ' ಅಂತನ ತುಂಬಿದ್ದೆ ರೀ," ಅಂದರು, ದನಿಯಲ್ಲಿ ನಿಜವಾದ ಸಂಕಟವಿತ್ತು. "ಆ್ಯಪ್ ಕಳಸೂ ಮುಂದ ತಾನ ವೇಗ ಅಳದು, 'ಇಂಟರ್‌ನೆಟ್ ಅದ' ಅಂತ ತಿದ್ದಿಕೊಂಡದ. ನಾ ಏನ್ ಮಾಡ್ಲಿ."

ಆ ದಿನ ಧನಕವಡಿಯಿಂದ ಕಾತ್ರಜದವರೆಗೆ ನಡೆದುಕೊಂಡೇ ಹೋದೆ. ಬಸ್ಸಿನಲ್ಲಿ ಕೂತಿದ್ದರೆ ಪಕ್ಕದವರ ಮೇಲೆ ರೇಗುತ್ತಿದ್ದೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ, ಯಾರೂ ಲಂಚ ಕೇಳಲಿಲ್ಲ, ಎಲ್ಲರೂ ನಿಯಮ ಪಾಲಿಸಿದರು, ಮತ್ತು ಆಜಿ ಮತ್ತೆ ಗುಡ್ಡ ಹತ್ತಬೇಕು. ಅಕ್ಕ ಹೇಳಿದ್ದು ಇಷ್ಟೇ: "ಇನ್ನ ಮ್ಯಾಲ ಯಾರ ಬರ್ಲಿ, ಚಹಾ ಕೊಡ್ತೀನಿ. ಪಾಸ್‌ವರ್ಡ್ ಕೊಡೂದಿಲ್ಲ."

ಆದೇಶದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಉಪಕರಣ ತೆಗೆದ ಜಾಗದ ಫೋಟೋವನ್ನು ಅದೇ ಜಾಗದಲ್ಲಿ ನಿಂತು, ಆ್ಯಪಿನ ಮೂಲಕ ಕಳಿಸಬೇಕು.

ಅಕ್ಕ ಆದೇಶ ಮೀರುವವರಲ್ಲ. ಮಿಸ್ತ್ರಿ ಮಾಡು ಹತ್ತಿ ಆಂಟೆನಾ ಇಳಿಸಿದರು. ಅಕ್ಕ ಬೋಳು ಮಾಡಿನ ಫೋಟೋ ತೆಗೆದರು. ಚಕ್ರ ತಿರುಗಿತು. ಹೋಗಲಿಲ್ಲ. ಫೋಟೋ ಹೋಗಬೇಕಾದರೆ ಆಂಟೆನಾ ಬೇಕು. ಮಿಸ್ತ್ರಿ ಮತ್ತೆ ಏರಿಸಿದರು. ಆ್ಯಪ್ ಹಳೆಯ ಫೋಟೋ ಒಪ್ಪುವುದಿಲ್ಲ, ಹೊಸತು ತೆಗೆ ಎನ್ನುತ್ತದೆ. ತೆಗೆದರು. ಫೋಟೋದಲ್ಲಿ ಆಂಟೆನಾ ನಿಂತಿತ್ತು, ಪಕ್ಕದಲ್ಲಿ ಮಿಸ್ತ್ರಿಯೂ ನಿಂತಿದ್ದರು. ಅದನ್ನು ಕಳಿಸುವಂತಿಲ್ಲ. ಮತ್ತೆ ಇಳಿಸಿದರು. ಮತ್ತೆ ಏರಿಸಿದರು. ಕೊನೆಗೆ ಏಣಿಯ ಮೇಲೆಯೇ ಕೂತು, "ಅಕ್ಕಾರ, ಸಾಹೇಬ್ರಿಗೇ ಕೇಳ್ರಿ," ಅಂದರು.

ಅಕ್ಕ ಮೊಬೈಲಿನಲ್ಲಿ, ವೈ-ಫೈ ಮೇಲೆಯೇ ಕರೆ ಮಾಡಿದರು.

"ಸಾಹೇಬ್ರ, ಫೋಟೋ ಹೋಗವಲ್ದು."

"ಆಂಟೆನಾ ಇಳಿಸೀರಿಲ್ಲೋ?"

"ಇಳಿಸಿದ್ವಿ."

"ಮತ್ತ ಈಗ ಎಲ್ಲಿಂದ ಫೋನ್ ಮಾಡಾಕತ್ತೀರಿ?"

"ಮನಿಯಿಂದ. ಏರಿಸಿವಿ. ಏರಸಲಿಲ್ಲಂದ್ರ ಇಳಿಸಿದ್ದು ನಿಮಗ ಹೆಂಗ ತಿಳಸೂದು?"

ಸಾಹೇಬರು ಎರಡು ಸಲ ಆ ಕಟ್ಟೆಯ ಚಹಾ ಕುಡಿದವರು. ಮೆಲ್ಲಗೆ ಹೇಳಿದರು: "ಫೋಟೋ ಬರೂವರೆಗೂ ಪ್ರಕರಣ ಬಾಕಿ ಇರ್ತದ್ರಿ ಅಕ್ಕಾರ. ಬಾಕಿ ಇದ್ದಾಗ ಯಾರೂ ಏನೂ ಮಾಡುವಂಗಿಲ್ಲ. ನೀವು ಪ್ರಯತ್ನ ಮಾಡಕೋತ ಇರ್ರಿ."

ಪ್ರಕರಣ ಇವತ್ತಿಗೂ ಬಾಕಿ ಇದೆ. ಫೋಟೋ ಕಳಿಸಿ ಎಂದು ಆಗಾಗ ಸೂಚನೆ ಬರುತ್ತದೆ, ಆ ಆಂಟೆನಾದ ಮೂಲಕವೇ ಬರುತ್ತದೆ. ಪ್ರಯತ್ನ ನಡೆದಿದೆ ಎಂದು ನಾನು ಉತ್ತರ ಬರೆಯುತ್ತೇನೆ. ಮಳೆಗಾಲಕ್ಕೆ ಮುಂಚೆ ಮಿಸ್ತ್ರಿ ಕುಡಗೋಲು ಮಸೆಯುತ್ತಾರೆ. ಕಡತ ಮುಂದೆ ಸರಿಯಲಿ ಎಂದೇ ಇಷ್ಟು ವರ್ಷ ದುಡಿದವನು, ಇದೊಂದು ಸರಿಯದಿರಲಿ ಎಂದು ಬೇಡಿಕೊಳ್ಳುತ್ತೇನೆ.

ಮೊನ್ನೆ ರೇಷನ್ ದಿನ ಹೋಗಿದ್ದೆ. ಆಜಿ ತಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹೆಬ್ಬೆಟ್ಟು ಒತ್ತಿ, ಅದನ್ನು ಸೆರಗಿಗೆ ಒರೆಸಿಕೊಂಡು ಕೇಳಿದರು.

"ಆ ಸಾಹೇಬಗ ಫೋಟೋ ಇನ್ನೂ ಮುಟ್ಟಿಲ್ಲೇನು?"

"ಇಲ್ಲ ಆಜಿ."

"ಪಾಪ," ಅಂದರು. "ಬಂಡೆ ಹತ್ತಿ ನಿಂದರಲಿಕ್ಕೆ ಹೇಳ್ರಿ ಅವಗ. ನಾ ಹತ್ತಿದ್ದಿಲ್ಲೇನು."