ಸಣ್ಣ ಚಿನ್ನಕ್ಕೆ ತಕ್ಕ ಯಂತ್ರ ಹಾಗೂ ತಂತಿಯ ಉದ್ದ ನಿಗದಿಪಡಿಸುವ ಕುರಿತು

ಸಂಖ್ಯೆ: ಟಿಗ/ಲೋಶೋ/ಸಣ್ಣ/17 (ತಿದ್ದುಪಡಿ)
ವಲಯ ಕಚೇರಿ, ಟಿನ್‌ಪಾಟ್ ಗಲ್ಲಿ, ವಿಕ್ಟೋರಿಯಾ

ವಿಷಯ: ಸಣ್ಣ ಚಿನ್ನದ ಚೂರು ಹುಡುಕಲು ಲೋಹಶೋಧಕ ಆರಿಸುವ ಬಗ್ಗೆ.

ಉಲ್ಲೇಖ: 1. ಶ್ರೀ ಕ್ಲೆಮ್ ಟ್ರೆಗಿಯರ್ (74) ಅವರ ದೂರು.
2. ಅವರ ಪತ್ನಿ ಶ್ರೀಮತಿ ಬೆರಿಲ್ ಅವರ ಪತ್ರ, ‘ಅವರಿಗೆ ತೋರಿಸಬೇಡಿ’ ಎಂಬ ಷರಾ ಸಹಿತ.

ಆರು ವರ್ಷಗಳಲ್ಲಿ ಐದು ಯಂತ್ರ ಬದಲಿಸಿದರೂ ಒಂದು ಚೂರೂ ಸಿಗಲಿಲ್ಲವೆಂದೂ, ಸರಿಯಾದ ಯಂತ್ರವನ್ನು ಇಲಾಖೆಯೇ ಹೆಸರಿಸದಿದ್ದಲ್ಲಿ ಪರವಾನಗಿ ಹಿಂತಿರುಗಿಸಿ ಮನೆಯಲ್ಲೇ ಕೂರುವುದಾಗಿಯೂ ಶ್ರೀ ಕ್ಲೆಮ್ ತಿಳಿಸಿರುತ್ತಾರೆ. “ಇವರು ಮನೇಲಿ ಕೂತ್ರೆ ತಿಂಗಳಲ್ಲೇ ಸೊರಗಿ ಹೋಗ್ತಾರೆ. ಏನಾದ್ರೂ ಮಾಡಿ” ಎಂದು ಶ್ರೀಮತಿಯವರು ಕೋರಿರುತ್ತಾರೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಸೀನಿದರೆ ಹಾರಿಹೋಗುವಂಥದ್ದೇ ಸಣ್ಣ ಚಿನ್ನ. ವಿವಾದವಿದ್ದಲ್ಲಿ ನೆಗಡಿಯಿಲ್ಲದ ಅಧಿಕಾರಿಯೊಬ್ಬರು ಸೀನಿ ಪ್ರಮಾಣೀಕರಿಸತಕ್ಕದ್ದು.

2. ಇದಕ್ಕೆ ಹೆಚ್ಚಿನ ಕಂಪನಾಂಕದ, ನೆಲದ ಮೇಲಾಡಿಸುವ ಸುರುಳಿ ಚಿಕ್ಕದಿರುವ ಯಂತ್ರವೇ ಯುಕ್ತ. ದೊಡ್ಡ ಸುರುಳಿ ಹಿಡಿದು ಬಂದವರನ್ನು ನೆಲ ಒರೆಸಲು ಬಂದವರೆಂದು ಭಾವಿಸಲಾಗುವುದು.

3. ಕಬ್ಬಿಣದ ಅಂಶವಿರುವ ಕೆಂಪು ಕಲ್ಲುಗಳು ಯಂತ್ರವನ್ನು ಸುಳ್ಳೇ ಕೂಗಿಸುತ್ತವೆ. ಕಲ್ಲಿಗೆ ಬೈಯುವುದು ಎರಡು ವಾಕ್ಯ ಮೀರಕೂಡದು.

4. “ಏನಾದ್ರೂ ಸಿಕ್ತಾ?” ಎಂದವರಿಗೆ “ಏನಿಲ್ಲ ಮಾರಾಯಾ, ಬರೀ ಹಳೇ ಬಂದೂಕಿನ ಚರೆಗುಂಡು” ಎನ್ನುವುದು ಇಲ್ಲಿನ ವಾಡಿಕೆ. ಹಾಗೆಂದವರಿಗೆ ಚಿನ್ನ ಸಿಕ್ಕಿದೆಯೆಂದೇ ಅರ್ಥ. ಶ್ರೀ ಕ್ಲೆಮ್ ಆರು ವರ್ಷದಿಂದ ಅದನ್ನೇ ನಿಜವಾಗಿ ಹೇಳುತ್ತಿರುವುದರಿಂದ ಯಾರೂ ನಂಬುತ್ತಿಲ್ಲ. ಪ್ರಸ್ತುತ ಹನ್ನೊಂದು ಮಂದಿ ಪೊದೆಗಳ ಮರೆಯಿಂದ ಅವರನ್ನು ಹಿಂಬಾಲಿಸುತ್ತಿದ್ದು, ಸದರಿಯವರು ಪೊದೆಗೊಬ್ಬರಂತೆ ಮಾತ್ರ ಅಡಗತಕ್ಕದ್ದು.

5. ಮೂರು ಬೆರಳಿನ ಆಳದಲ್ಲಿ ಚಿನ್ನದ ಚೂರೊಂದನ್ನು ಹೂತು, ಸದರಿ ಐದೂ ಯಂತ್ರಗಳನ್ನು ಪರೀಕ್ಷಿಸಲಾಯಿತು. ಐದೂ ಸಣ್ಣಗೆ ಕೂಗಿದವು. ಅಧಿಕಾರಿಗೆ ಕೇಳಿಸಿತು, ಶ್ರೀಮತಿಯವರಿಗೆ ಕೇಳಿಸಿತು, ಮಲಗಿದ್ದ ನಾಯಿಯೂ ಎದ್ದಿತು. ಶ್ರೀ ಕ್ಲೆಮ್ ಮಾತ್ರ “ನೋಡಿದ್ರಾ? ಇದೂ ಮೂಕ” ಎಂದರು. ಯಂತ್ರದಲ್ಲಿ ದೋಷ ಕಂಡುಬಂದಿರುವುದಿಲ್ಲ. ಇದನ್ನು ಅವರಿಗೆ ತಿಳಿಸುವ ನಮೂನೆ ಇಲಾಖೆಯಲ್ಲಿಲ್ಲ. ಇದ್ದರೂ ಕೊಡಲು ಯಾರಿಗೂ ಮನಸ್ಸಿಲ್ಲ.

6. ಆದಕಾರಣ ಇರುವ ಯಂತ್ರವನ್ನೇ ಮುಂದುವರಿಸತಕ್ಕದ್ದು. ಯಂತ್ರದ ಸದ್ದು ಕೇಳುವ ಕಿವಿಗವಸಿಗೆ ಉದ್ದ ತಂತಿ ಜೋಡಿಸಿ ಶ್ರೀಮತಿಯವರು ಧರಿಸತಕ್ಕದ್ದು. ಎರಡು ಹೆಜ್ಜೆ ಹಿಂದೆ ನಡೆದು, ಸದ್ದು ಬಂದಾಗ ಪತಿಯ ಭುಜ ತಟ್ಟತಕ್ಕದ್ದು. ಕಾರಣ ಕೇಳಿದಲ್ಲಿ ‘ತಾಂತ್ರಿಕ’ ಎನ್ನತಕ್ಕದ್ದು. ಸಿಕ್ಕ ಚಿನ್ನ ಶ್ರೀ ಕ್ಲೆಮ್ ಹೆಸರಿನಲ್ಲಿ ದಾಖಲಾಗತಕ್ಕದ್ದು.

7. ಮೂಲ ಸುತ್ತೋಲೆಯ 5 ಮತ್ತು 6ನೇ ಖಂಡಿಕೆಗಳಿಗೆ ಮಸಿ ಬಳಿದು ಶ್ರೀ ಕ್ಲೆಮ್ ಅವರಿಗೆ ಕಳುಹಿಸಲಾಗಿತ್ತು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಪೂರ್ತಿ ಓದಿರುವುದು ಗಮನಕ್ಕೆ ಬಂದಿದೆ. ಅಂಚಿನಲ್ಲಿ ಅವರು ಬರೆದು ಹಿಂತಿರುಗಿಸಿದ್ದು: “ಕಿವಿ ವಿಷ್ಯ ನಂಗೂ ಗೊತ್ತಿತ್ತು, ಹೇಳೋಕೆ ಬಾಯಿ ಬರ್ಲಿಲ್ಲ. ತಂತಿ ಗಿಡ್ಡ ಮಾಡಿ. ಬೆರಿಲ್ ಯಾಕೆ ಹಿಂದೆ ಬರ್ಬೇಕು? ಪಕ್ಕದಲ್ಲೇ ನಡೀಲಿ.” ಕೋರಿಕೆಯನ್ನು ಪರಿಶೀಲಿಸಿ ಮಂಜೂರು ಮಾಡಲಾಗಿದೆ.

(ಸಹಿ/-)
ವಲಯಾಧಿಕಾರಿ (ಸಣ್ಣ ಚಿನ್ನ)

ಪ್ರತಿಗಳು:
1. ಪೊದೆಗಳಲ್ಲಿರುವ ಹನ್ನೊಂದು ಮಂದಿಗೆ, ಮಾಹಿತಿಗಾಗಿ.
2. ಶ್ರೀ ಮತ್ತು ಶ್ರೀಮತಿ ಟ್ರೆಗಿಯರ್ ಅವರಿಗೆ, ಒಂದೇ ಪ್ರತಿ, ಮಸಿಯಿಲ್ಲದೆ.
3. ತಂತಿ ಕತ್ತರಿಸುವ ಶಾಖೆಗೆ, ಅತಿ ತುರ್ತು.