‘ಯಸ್’ ಎಂದವರು ‘ಇಲ್ಲ’ ಎಂದಿದ್ದರೆಂಬ ವಾದವನ್ನು ಮನ್ನಿಸದಿರುವ ಬಗ್ಗೆ

ಸಂಖ್ಯೆ: ಕಿವಿ/ಹೊ.ದೇ.ವಿ./17/ತಿದ್ದುಪಡಿ-4

ವಿಷಯ: ಇಂಗ್ಲಿಷಿನಲ್ಲಿ ಉನ್ನತ ವ್ಯಾಸಂಗ ಮಾಡುತ್ತಿರುವ ಹೊರದೇಶದ ವಿದ್ಯಾರ್ಥಿಗಳು ಕೇಳಿಸಿಕೊಳ್ಳತಕ್ಕ ಕ್ರಮ ಹಾಗೂ ತಲೆಯಾಡಿಸುವ ಮಿತಿ.

ಉಲ್ಲೇಖ: 1) ಮಣ್ಣು ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ (ಸಹಪಾಠಿಗಳ ಬಾಯಲ್ಲಿ ‘ಮಣ್ಣಕ್ಕ’) ವಿಚಾರಣೆಯಲ್ಲಿ ನೀಡಿದ ಒಂದು ‘ಯಸ್’.
2) ಸದರಿಯವರು ಮೇಲ್ಮನವಿಯಲ್ಲಿ ನೀಡಿದ ಒಂದು ‘ನೋ’.

ಪಾಠ ಅರ್ಥವಾಗದಿರುವುದು ಪಾಠದ ದೋಷವಲ್ಲ, ಕಿವಿಯ ದೋಷವೆಂದು ತೀರ್ಮಾನವಾಗಿರುವುದರಿಂದ, ಕೆಳಕಂಡ ನಿಯಮಗಳನ್ನು ಪಾಲಿಸಲು ಸಮಸ್ತ ಕಿವಿಗಳಿಗೆ ಈ ಮೂಲಕ ಸೂಚಿಸಲಾಗಿದೆ.

1. ಹಲಗೆಯತ್ತ ತಿರುಗಿ ಮೀಸೆಯೊಳಗೇ ಪಾಠ ಮಾಡುವ ಹಕ್ಕನ್ನು ಪ್ರಾಧ್ಯಾಪಕರಿಗೆ ಕಾಯ್ದಿರಿಸಲಾಗಿದೆ. ಮೀಸೆ ಇಲ್ಲದವರು ಕಾಫಿ ಲೋಟವನ್ನು ಬಾಯಿಗೆ ಅಡ್ಡ ಹಿಡಿಯತಕ್ಕದ್ದು.

2. ಪ್ರಾಧ್ಯಾಪಕರ ಹಾಸ್ಯಕ್ಕೆ ಮುಂದಿನ ಸಾಲು ನಕ್ಕ ಎರಡು ಸೆಕೆಂಡಿನೊಳಗೆ ನಗತಕ್ಕದ್ದು. ಪರೀಕ್ಷೆಯ ದಿನ ಬದಲಾದ ಪ್ರಕಟಣೆಯನ್ನು ಹಾಸ್ಯವೆಂದು ತಿಳಿದು ನಕ್ಕವರಿಗೆ ಮರುಪರೀಕ್ಷೆ ಇರುವುದಿಲ್ಲ.

3. ಅರ್ಥವಾಗದೆ ತಲೆಯಾಡಿಸುವುದನ್ನು ಗಂಟೆಗೆ ಹನ್ನೆರಡು ಬಾರಿಗೆ ಮಿತಿಗೊಳಿಸಲಾಗಿದೆ. ಅಡ್ಡಡ್ಡ ತೂಗುವ ತಲೆಗಳನ್ನು, ಹೌದೋ ಅಲ್ಲವೋ ಇತ್ಯರ್ಥವಾಗುವವರೆಗೆ, ಪರಿಶೀಲನೆಯಲ್ಲಿಡಲಾಗುವುದು.

4. ‘ಇಲ್ಲ ತಾನೇ?’ ಎಂದು ಮುಗಿಯುವ ಪ್ರಶ್ನೆಗಳಿಗೆ ಮನೆಮಾತಿನ ರೂಢಿಯಲ್ಲಿ ಉತ್ತರಿಸುವುದನ್ನು ನಿಷೇಧಿಸಲಾಗಿದೆ. ‘ನೀವು ಕದ್ದು ಬರೆದಿಲ್ಲ ತಾನೇ?’ ಎಂದು ಇಂಗ್ಲಿಷಿನಲ್ಲಿ ಕೇಳಲಾಗಿ, ಮಣ್ಣಕ್ಕನವರು, ಮನೆಯಲ್ಲಿ ‘ಊಟ ಮಾಡಿಲ್ವಾ?’ ಎಂದರೆ ‘ಹೂಂ, ಮಾಡಿಲ್ಲ’ ಎನ್ನುವಂತೆ, ‘ಯಸ್’ ಎಂದಿರುತ್ತಾರೆ. ‘ಹೌದು, ಕದ್ದಿಲ್ಲ’ ಎಂಬುದು ಅವರ ಮನಸ್ಸಿನಲ್ಲಿತ್ತು. ನಡಾವಳಿ ಪುಸ್ತಕದಲ್ಲಿ ಮನಸ್ಸಿಗೆ ಅಂಕಣವಿಲ್ಲ. ಕದ್ದಿರುವುದಾಗಿ ಒಪ್ಪಿಕೊಂಡರೆಂದು ದಾಖಲಿಸಿ, ನಾಲ್ಕು ವರ್ಷ ಮಣ್ಣು ಜರಡಿ ಹಿಡಿದು ಬರೆದ ಪ್ರಬಂಧವನ್ನು ರದ್ದುಪಡಿಸಲಾಗಿದೆ.

5. ಮೇಲ್ಮನವಿಯಲ್ಲಿ ‘ರದ್ದತಿಗೆ ಆಕ್ಷೇಪಣೆಯೇನೂ ಇಲ್ಲವಷ್ಟೆ?’ ಎಂದು ಕೇಳಲಾಗಿ, ‘ಇಲ್ಲ, ಆಕ್ಷೇಪಣೆ ಇದೆ’ ಎಂಬರ್ಥದಲ್ಲಿ ಸದರಿಯವರು ಮೇಜು ಗುದ್ದಿ ‘ನೋ’ ಎಂದಿರುತ್ತಾರೆ. ಆಕ್ಷೇಪಣೆ ಇಲ್ಲವೆಂದು ದಾಖಲಿಸಲಾಗಿದೆ. ಗುದ್ದನ್ನು ಸಂತೋಷವೆಂದು ಪರಿಗಣಿಸಲಾಗಿದೆ.

6. ‘ನಾನು ಕದ್ದಿಲ್ಲ. ಆಕ್ಷೇಪಣೆ ಇದೆ. ಸೊಟ್ಟಗಿರೋದು ನಿಮ್ಮ ಪ್ರಶ್ನೆ, ನನ್ನ ಕಿವಿಯಲ್ಲ’ ಎಂದು ಅವರು ಬರೆದುಕೊಟ್ಟ ಪತ್ರವನ್ನು, ಇದು ಕೇಳಿಸಿಕೊಳ್ಳುವ ವಿಷಯವಾದ್ದರಿಂದ, ಓದದೆ ಕಡತಕ್ಕೆ ಸೇರಿಸಲಾಗಿದೆ.

7. ಕಡತ ಮುಚ್ಚುವ ಮುನ್ನ ವಿಚಾರಣಾ ಸಮಿತಿಯ ಅಧ್ಯಕ್ಷರು ಇಂಗ್ಲಿಷಿನಲ್ಲಿ ‘ನಾವ್ಯಾರೂ ತಪ್ಪು ಮಾಡಿಲ್ಲ ತಾನೇ?’ ಎಂದು ಕೇಳಲಾಗಿ, ಗೋಡೆ ಗಡಿಯಾರ ನೋಡುತ್ತಿದ್ದ ಐದೂ ಸದಸ್ಯರು ಒಕ್ಕೊರಲಿನಿಂದ ‘ಯಸ್’ ಎಂದಿರುತ್ತಾರೆ. ಬಾಗಿಲ ಹೊರಗಿನ ಬೆಂಚಿನಲ್ಲಿದ್ದ ಮಣ್ಣಕ್ಕನವರು ಇದನ್ನು ಸ್ಪಷ್ಟವಾಗಿ ಕೇಳಿಸಿಕೊಂಡು, ವೇಳೆಸಮೇತ ಬರೆದುಕೊಂಡು, ನಿಯಮ 4ರಡಿ ದೂರು ಸಲ್ಲಿಸಿರುತ್ತಾರೆ. ಸದರಿ ಕಿವಿಯಲ್ಲಿ ದೋಷ ಕಂಡುಬಂದಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ. ಸಮಿತಿಯ ತಪ್ಪೊಪ್ಪಿಗೆಯನ್ನು ಅಂಗೀಕರಿಸಿ, ರದ್ದತಿಯನ್ನು ರದ್ದುಪಡಿಸಲಾಗಿದೆ.

ಸಹಿ/-
ಪ್ರಭಾರ ಕುಲಸಚಿವರು
(ಕಾಯಂ ಕುಲಸಚಿವರು ಸದರಿ ಐವರಲ್ಲಿ ಒಬ್ಬರಾಗಿರುವುದರಿಂದ)

ಪ್ರತಿಗಳು:
1. ಐವರು ಸದಸ್ಯರಿಗೆ, ಗಡಿಯಾರದ ಮೇಲೆ ಅಂಟಿಸಲು.
2. ಎಲ್ಲ ಮೀಸೆಗಳ ಮಾಹಿತಿಗಾಗಿ.
3. ಮಣ್ಣಕ್ಕನವರ ತಾಯಿಯವರಿಗೆ. ‘ಅಲ್ಲೇನೂ ತೊಂದರೆ ಇಲ್ವೇನೇ?’ ಎಂದು ಇವರು ಪ್ರತಿ ವಾರ ಫೋನಿನಲ್ಲಿ ಕೇಳಿದ್ದಕ್ಕೆ ಬಂದ ‘ಹೂಂ ಕಣಮ್ಮ, ಏನೂ ಇಲ್ಲ’ ಎಂಬ ಉತ್ತರ ಸುಳ್ಳೆಂದು ಇವರೊಬ್ಬರಿಗೇ ಕೇಳಿಸಿದ್ದರಿಂದ.